ಇತಿಹಾಸದ ಮೇಷ್ಟ್ರು ಮತ್ತು ರೋಮನ್ನರ ಈಟಿ

ಬಿ.ಎ. ತರಗತಿಯಲ್ಲಿ ಮೊದಲ ಮಹಾಯುದ್ಧದ ಪಾಠ ಶುರುವಾದಾಗ ನಮ್ಮ ಇತಿಹಾಸದ ಮೇಷ್ಟ್ರು ಬೋರ್ಡಿನ ಮೇಲೆ ‘ಕಾಸಸ್ ಬೆಲ್ಲಿ’ ಎಂದು ಬರೆದರು. ಯುದ್ಧ ಹೂಡುವುದಕ್ಕೆ ಕಾರಣವೆಂದು ಒಂದು ರಾಜ್ಯ ಮುಂದಿಡುವ ಘಟನೆಗೆ ಲ್ಯಾಟಿನ್ನಿನಲ್ಲಿ ಹಾಗೆನ್ನುತ್ತಾರೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ಮೇಷ್ಟ್ರಿಗೆ ಸಾಲಲಿಲ್ಲ. 1914ನ್ನು ಅಲ್ಲಿಯೇ ಬಿಟ್ಟು ನಮ್ಮನ್ನು ಹಳೆಯ ರೋಮಿಗೆ ಕರೆದೊಯ್ದರು.

ಅಲ್ಲಿ ಫೆಟಿಯಾಲಿಸ್ ಎಂಬ ಪುರೋಹಿತರಿದ್ದರು. ನೆರೆಯವರಿಂದ ಅನ್ಯಾಯವಾದರೆ ಅವರಲ್ಲೊಬ್ಬ ತಲೆಗೆ ಉಣ್ಣೆಯ ಪಟ್ಟಿ ಕಟ್ಟಿಕೊಂಡು ಗಡಿಗೆ ಹೋಗುತ್ತಿದ್ದ. ಜ್ಯೂಪಿಟರ್ ದೇವರ ಸಾಕ್ಷಿಯಾಗಿ ಪರಿಹಾರ ಕೇಳುತ್ತಿದ್ದ. ಗಡಿ ದಾಟಿದ ಮೇಲೆ ಮೊದಲು ಎದುರಾದವನಿಗೂ ಅದೇ ಮಾತು. ಊರ ಬಾಗಿಲಲ್ಲೂ, ಚೌಕದಲ್ಲೂ ಅದೇ ಮಾತು. 33 ದಿನ ಕಾಯಬೇಕು ಎಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಆಮೇಲೂ ಉತ್ತರ ಬಾರದಿದ್ದರೆ ಹಿರಿಯರ ಸಭೆಯ ಒಪ್ಪಿಗೆ ಪಡೆದು, ಕನಿಷ್ಠ ಮೂವರ ಎದುರು ಶತ್ರುವಿನ ನೆಲಕ್ಕೆ ಈಟಿ ಎಸೆಯಬೇಕು. ಮೇಷ್ಟ್ರು ಸೀಮೆಸುಣ್ಣ ಹಿಡಿದ ಕೈಯನ್ನು ಹಿಂದಕ್ಕೆಳೆದು ಎಸೆಯುವವರಂತೆ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮುಂದೆ ಕಡಲಾಚೆಯ ಪಿರ್ರಸ್ ರಾಜ ಎದುರಾದಾಗ ಗಡಿ ತೀರಾ ದೂರವಾಯಿತು. ಸೆರೆಸಿಕ್ಕ ಅವನ ಸೈನಿಕನೊಬ್ಬನಿಂದ ರೋಮಿನಲ್ಲೇ ಒಂದು ತುಂಡು ಜಾಗ ಕೊಳ್ಳಿಸಿ, ಅದನ್ನೇ ಶತ್ರುವಿನ ನೆಲವೆಂದು ಲೆಕ್ಕ ಹಿಡಿದು ಈಟಿ ಎಸೆದರಂತೆ. “ಶಾಸ್ತ್ರ ಉಳಿಯಿತು, ಸತ್ವ ಹೋಯಿತು” ಎಂದರು ಮೇಷ್ಟ್ರು. ನನಗಂತೂ ಇಡೀ ಪಾಠದ ತಿರುಳು ಅಲ್ಲೇ ಸಿಕ್ಕಿತು.

ಆಮೇಲೆ ಮತ್ತೆ 1914ಕ್ಕೆ, ಬೋಸ್ನಿಯಾದ ಸರಾಯೆವೋ ಊರಿಗೆ. ಜೂನ್ 28ರಂದು ಅಲ್ಲಿ ಆಸ್ಟ್ರಿಯಾ-ಹಂಗೇರಿಯ ಯುವರಾಜನ ಕೊಲೆ. ಕೊಲೆಯ ಹೊಣೆ ಹೊರಿಸಿ ಜುಲೈ 23ರಂದು ನೆರೆಯ ಸರ್ಬಿಯಾಕ್ಕೆ ಆಸ್ಟ್ರಿಯಾ-ಹಂಗೇರಿಯ ಷರತ್ತುಗಳು, ಉತ್ತರಕ್ಕೆ ಬರೀ 48 ಗಂಟೆ. ಸರ್ಬಿಯಾ ಬಹುಪಾಲು ಒಪ್ಪಿಕೊಂಡರೂ ಜುಲೈ 28ರಂದು ಯುದ್ಧ ಸಾರಿಯೇಬಿಟ್ಟರು. 1939ರ ಆಗಸ್ಟ್ 31ರಂದು ಹಿಟ್ಲರನ ಕಡೆಯವರು ಇನ್ನೂ ಕೆಳಗಿಳಿದರು. ಪೋಲೆಂಡಿನ ಗಡಿಯ ಬಳಿಯ ಜರ್ಮನ್ ಊರು ಗ್ಲೈವಿಟ್ಸ್‌ನಲ್ಲಿದ್ದ ತಮ್ಮದೇ ರೇಡಿಯೋ ಕೇಂದ್ರದ ಮೇಲೆ ತಾವೇ ದಾಳಿ ನಡೆಸಿ ಪೋಲೆಂಡಿನ ತಲೆಗೆ ಕಟ್ಟಿದರು. ಮರುದಿನ ಬೆಳಗ್ಗೆಯೇ ದಂಡು ಗಡಿ ದಾಟಿತ್ತು.

1945ರ ವಿಶ್ವಸಂಸ್ಥೆಯ ಸನ್ನದು ಬಂದಮೇಲೆ ಭದ್ರತಾ ಮಂಡಳಿಯ ಅನುಮತಿ ಇಲ್ಲದಿದ್ದರೆ ಉಳಿದಿರುವುದು ಆತ್ಮರಕ್ಷಣೆಯ ಹಕ್ಕೊಂದೇ. ಹಾಗಾಗಿ ಈಗ ಎಲ್ಲರ ಬಾಯಲ್ಲೂ ಅದೇ ಮಾತು. ಯುದ್ಧದ ಸುದ್ದಿ ಬಂದಾಗಲೆಲ್ಲ ಮೇಷ್ಟ್ರು ನಮ್ಮಿಂದ ಕೇಳಿಸುತ್ತಿದ್ದ ಪ್ರಶ್ನೆಗಳನ್ನೇ ನಾನು ಇಂದಿಗೂ ಕೇಳುತ್ತೇನೆ: ಏನು ಪರಿಹಾರ ಕೇಳಿದರು? ಎಷ್ಟು ದಿನ ಕಾದರು? ಘಟನೆಯನ್ನು ಕಂಡವರು ಯಾರು?