ಆರು ಬಾಗಿಲು, ಎರಡು ಕೈ: ಮೂರನೇ ವಾರದ ಕೆಲಸ

ಆರರಲ್ಲಿ ನಾಲ್ಕು ಕದ ನಿಂತಿವೆ. ಬಚ್ಚಲದ್ದು ತಪ್ಪು ಕೈಯದು (ಕೈ ಅಂದರೆ ಹಿಂಜ್ ಯಾವ ಬದಿಗೆ, ಕದ ಯಾವತ್ತ ತೆರೆಯುತ್ತದೆ ಎಂಬ ಲೆಕ್ಕ) ಬಂದು ವಾಪಸ್ ಹೋಗಿದೆ. ಮುಂಬಾಗಿಲಿಗೆ ಇನ್ನೂ ಉಳಿ ತಾಗಿಸಿಲ್ಲ.

ಬಚ್ಚಲ ಕದದ 750 ಮಿ.ಮೀ. ಅಗಲ ಸರಿಯಾಗೇ ಇತ್ತು. ಕೆಡಿಸಿದ್ದು ಆರ್ಡರ್ ಚೀಟಿಯ ‘ಎಡ’ ಎಂಬ ಎರಡಕ್ಷರ. ಹಜಾರದಲ್ಲಿ ನಿಂತರೆ ಕದವನ್ನು ಒಳಕ್ಕೆ ನೂಕಬೇಕು, ಹಿಂಜ್ ಎಡಗಡೆ. ಚೀಟಿ ಬರೆದದ್ದು ಹಾಗೆ. ಕದ ತಯಾರಾದದ್ದು ಹಿಂಜಿನ ಗೆಣ್ಣು (ಮಡಚುವ ಸುರುಳಿ) ಕಾಣುವ ಬದಿಯಿಂದ, ಅಂದರೆ ಬಚ್ಚಲ ಒಳಗೆ ನಿಂತ ಲೆಕ್ಕದಲ್ಲಿ. ಅಲ್ಲಿಂದ ನೋಡಿದರೆ ಅದೇ ಹಿಂಜ್ ಬಲಗಡೆ. ಎರಡು ಲೆಕ್ಕಕ್ಕೂ ಆಧಾರವಿದೆ: ಅಮೆರಿಕದ ವಾಡಿಕೆ ಹೊರಗೆ ನಿಂತು ನೋಡುತ್ತದೆ, ಜರ್ಮನಿಯ ಮಾನಕ ಡಿನ್ 107, ಕದ ನಮ್ಮತ್ತ ತೆರೆದುಕೊಳ್ಳುವ ಬದಿಯಲ್ಲಿ ನಿಲ್ಲಿಸುತ್ತದೆ. ಹೀಗಾಗಿ ಒಳಕ್ಕೆ ನೂಕುವ ಅಮೆರಿಕದ ಎಡ ಬಾಗಿಲು ಜರ್ಮನಿಯಲ್ಲಿ ಬಲ ಬಾಗಿಲು. ಲಾಕಿನ ಡಬ್ಬಿಯ ಮೇಲೆ ‘ಎಲ್‌’ ಎಂದಷ್ಟೇ ಇದ್ದರೆ ಯಾರ ಎಡ ಅಂತ ಕೇಳಲೇಬೇಕು.

ಈ ವಾರದಿಂದ ಚೀಟಿಯಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ನಕ್ಷೆಯಲ್ಲಿ, ಅಂದರೆ ಮೇಲಿನಿಂದ ನೋಡಿದಂತೆ, ಕದ ಮುಚ್ಚುವಾಗ ಯಾವ ಕಡೆ ಸುತ್ತುತ್ತದೆ ಎಂಬುದಷ್ಟೇ: ಪ್ರದಕ್ಷಿಣವಾದರೆ ‘ಪ್ರ’, ಅಪ್ರದಕ್ಷಿಣವಾದರೆ ‘ಅ’. ಯಾರು ಎಲ್ಲಿ ನಿಂತರೂ ಇದು ಬದಲಾಗದು. ಮುಚ್ಚುವ ದಿಕ್ಕನ್ನು ಗುರುತಿಸಲು ಭಾರತೀಯ ಮಾನಕ ಐಎಸ್ 4043 ಕೂಡ ಇದೆ, ಆದರೆ ಬಡಗಿಗೆ ಮಾನಕಕ್ಕಿಂತ ಗುಡಿ ಸುತ್ತಿದ ಅನುಭವ ಹತ್ತಿರದ್ದು.

ಸ್ಥಳದಲ್ಲೇ ಪರೀಕ್ಷೆ: ಹಿಂಜ್ ಇರುವ ನಿಲುವಿಗೆ ಬೆನ್ನು ಕೊಟ್ಟು ಚೌಕಟ್ಟಿನೊಳಗೆ ನಿಲ್ಲಿ. ಕದ ನಿಮ್ಮ ಎಡಕ್ಕೆ ತೆರೆದರೆ ‘ಪ್ರ’, ಬಲಕ್ಕೆ ತೆರೆದರೆ ‘ಅ’. ಬಚ್ಚಲದ್ದು ‘ಪ್ರ’.

ಮಲಗುವ ಕೋಣೆಯ ಒಂದು ಫ್ಲಶ್ (ಸಪಾಟು ಮುಖದ) ಕದಕ್ಕೂ ಹಿಂಜಿನ ಕಚ್ಚು, ಅಂದರೆ ಹಿಂಜ್ ಕೂರುವ ತಗ್ಗು, ತಪ್ಪು ಕೈಗೆ ಬಿದ್ದಿತ್ತು, ಅದು ಉಳಿದುಕೊಂಡಿತು. ಸಾದಾ ಕದವನ್ನು ಅದೇ ಮುಖ ಮುಂದಿಟ್ಟು ತಲೆಕೆಳಗು ಮಾಡಿದರೆ ಕೈ ಬದಲಾಗುತ್ತದೆ. ಮೇಲಿನಿಂದ 175, ಕೆಳಗಿನಿಂದ 250 ಮಿ.ಮೀ. ಇದ್ದ ಕಚ್ಚುಗಳು ಅದಲುಬದಲಾದವು. ಚೌಕಟ್ಟಿನಲ್ಲಿ ಇನ್ನೂ ಕಚ್ಚು ಕಡಿದಿರಲಿಲ್ಲವಾದ್ದರಿಂದ ಅಲ್ಲಿಯೂ ಹಾಗೇ ಕಡಿದು 100 ಮಿ.ಮೀ. ಹಿಂಜ್ ಮೂರು ಕೂರಿಸಲಾಯಿತು. ಲಾಕಿನ ತೂತು ಮೊದಲೇ ಬಿದ್ದಿದ್ದರೆ 2100ರ ಕದದಲ್ಲಿ 1000 ಎತ್ತರದ ಹಿಡಿ 1100ಕ್ಕೆ ಏರುತ್ತಿತ್ತು. ಬಚ್ಚಲ ಕದಕ್ಕೆ ಈ ಉಪಾಯ ನಡೆಯದು, ಕೆಳಗಿರಬೇಕಾದ ಗಾಳಿಕಿಂಡಿ ತಲೆಯ ಮೇಲೆ ಬರುತ್ತದೆ.

ಅದೇ ಕೋಣೆಗೆ ಇನ್ನೊಂದು ಕಾರಣಕ್ಕೂ ಕೈ ಮುಖ್ಯ: ಸ್ವಿಚ್ ಬೋರ್ಡ್ ಚಿಲಕದ ಕಡೆ ಇದೆ. ಹಿಂಜ್ ಆ ಕಡೆಗೆ ಹೋದರೆ ತೆರೆದ ಕದದ ಹಿಂದೆ ಕೈ ತೂರಿಸಿ ದೀಪ ಹಾಕಬೇಕು. ಗೋಡೆಗೆ ವೈರಿನ ಕೊಳವೆ ಹೂಳುವ ಮುಂಚೆಯೇ ‘ಪ್ರ’, ‘ಅ’ ಗುರುತು ನಕ್ಷೆಯಲ್ಲಿ ಇರಲಿ, ಪ್ಲಾಸ್ಟರ್ ಆದಮೇಲೆ ಅಲ್ಲ.

ಮಾರ್ಟಿಸ್ ಲಾಕಿನ (ಕದದ ದಪ್ಪದೊಳಗೆ ಕೂರುವ ಲಾಕು) ಗೂಡು ಕೊರೆಯುವ ಮುನ್ನ ಲ್ಯಾಚ್ ನಾಲಗೆ ನೋಡಿ. ಮುಚ್ಚುವಾಗ ಅದರ ಇಳಿಜಾರು ಮುಖ ಮೊದಲು ಚೌಕಟ್ಟಿನ ತಗಡಿಗೆ ತಾಗಬೇಕು. ಚಪ್ಪಟೆ ಮುಖ ತಾಗಿದರೆ ಹಿಡಿ ಒತ್ತದೆ ಬಾಗಿಲು ಮುಚ್ಚುವುದಿಲ್ಲ. ಹಲವು ಲಾಕುಗಳಲ್ಲಿ ನಾಲಗೆಯನ್ನು 180 ಡಿಗ್ರಿ ತಿರುಗಿಸಬಹುದು, ಎಲ್ಲದರಲ್ಲೂ ಅಲ್ಲ. ಎತ್ತಿ ಕಳಚುವ ಹಿಂಜಿಗಂತೂ ಕೈ ತಪ್ಪಲೇಬಾರದು: ಚೌಕಟ್ಟಿನ ಅರ್ಧದ ಮೊಳೆ ಕೆಳಮುಖವಾದರೆ ಕದ ಕೂರಲು ಜಾಗವೇ ಇಲ್ಲ.

ಬಾಕಿ: ಎರಡು ಕದದ ಮುಂಬಾಗಿಲು. ಮೊದಲು ತೆರೆಯುವ ಕದಕ್ಕೆ ಮಾತ್ರ ಕೈ ಬರೆಯಬೇಕು, ಮೇಲೆ ಕೆಳಗೆ ಅಗುಳಿ ಬೀಳುವುದು ಇನ್ನೊಂದಕ್ಕೆ. ಎರಡೂ ಸೇರುವಲ್ಲಿ 12 ಮಿ.ಮೀ. ಮೆಟ್ಟು (ಒಂದರ ಮೇಲೊಂದು ಕೂರುವ ಅಂಚು) ತೆಗೆಯಬೇಕಿದೆ, ಅದು ತಿರುಗುಮುರುಗಾದರೆ ದಿನವೂ ಅಗುಳಿ ಇರುವ ಕದವನ್ನೇ ಮೊದಲು ಬಿಚ್ಚಬೇಕಾಗುತ್ತದೆ. ಚೀಟಿ: ಮೊದಲ ಕದ ‘ಅ’.