ನಮ್ಮಮ್ಮ ತೆರಿಗೆ ಆಫೀಸಿನಲ್ಲಿ ಕೆಲಸ ಮಾಡಿದವಳಲ್ಲ

ಕಳೆದ ಶನಿವಾರ ಕೇರ್‌ವೊಖೆ ಸರದಿ ನಮ್ಮದು, ಅಂದರೆ ಕಟ್ಟಡದ ಮೆಟ್ಟಿಲು ಗುಡಿಸುವ ವಾರದ ಪಾಳಿ. ನಾನು ಮೆಟ್ಟಿಲು ಗುಡಿಸುತ್ತಾ ಇಳಿಯುತ್ತಿದ್ದೆ. ಮಗಳು ಮಧ್ಯದ ಮೆಟ್ಟಿಲ ಮೇಲೆ ಕೂತು ಅಜ್ಜಿ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಸ್ಪೀಕರ್ ಬೇರೆ ಹಾಕಿಕೊಂಡಿದ್ದಳು. ಜರ್ಮನಿ ದೂರ, ಹಾಗಾಗಿ ಜೋರಾಗಿ ಮಾತಾಡಬೇಕು ಅನ್ನುವ ನಂಬಿಕೆ ನಮ್ಮಮ್ಮನಿಗೆ ಇನ್ನೂ ಹೋಗಿಲ್ಲ. ತೀರ್ಥಹಳ್ಳಿ ಕಡೆಯ ಒಂದು ಜಗಲಿಯ ಸುದ್ದಿಯೆಲ್ಲ ಟ್ಯೂಬಿಂಗನ್‌ನ ನಾಲ್ಕು ಮಹಡಿಗೂ ಕೇಳುತ್ತಿತ್ತು.

ಕೆಳಗಿನ ಮನೆಯ ಬಾಗಿಲು ತೆರೆಯಿತು. ಗಲಾಟೆ ಅಂತ ಹೇಳಲು ಬಂದರೇನೋ ಅಂದುಕೊಂಡೆ. ಆದರೆ ಅವರು ಚಪ್ಪಲಿ ಮೆಟ್ಟಿಕೊಂಡು ಬಂದು ಮಗಳ ಪಕ್ಕ ನಿಂತರು. ಎಪ್ಪತ್ತು ದಾಟಿದವರು, ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಗಳು ಅವರನ್ನು ಓಮಾ, ಅಂದರೆ ಜರ್ಮನ್‌ನಲ್ಲಿ ಅಜ್ಜಿ, ಅನ್ನುತ್ತಾಳೆ, ಈಗ ನಾವೂ ಹಾಗೇ ಅನ್ನುತ್ತೇವೆ.

"ಅಜ್ಜಿ ಏನು ಹೇಳ್ತಿದ್ದಾರೆ?"

"ಬಾಳೆಹಣ್ಣಿನ ವಿಷಯ."

"ಹಾಗಲ್ಲ. ಅವರು ಹೇಳಿದ ಹಾಗೇ ಹೇಳು. ಒಂದೊಂದೇ ಪದ."

ಇದು ಅವರಿಬ್ಬರ ಹಳೆಯ ಆಟ. ಅಮ್ಮ ಹೇಳಿದ್ದು ಇಷ್ಟೇ: "ನಿನ್ನೆ ಮಾವ ತೋಟದಿಂದ ತಂದ ಬಾಳೆಗೊನೆ ಇನ್ನೂ ಹಣ್ಣಾಗಿಲ್ಲ ಪುಟ್ಟಿ."

ಮಗಳು ಬೆರಳು ಮಡಚುತ್ತಾ ಪದ ಜೋಡಿಸಿದಳು. ಓಮಾ ಒಂದೆರಡು ಕಡೆ ತಿದ್ದಿದರು. ಕೊನೆಗೆ ಹೊರಟಿದ್ದು ಹೀಗೆ: "ಡೀ ಗೆಸ್ಟರ್ನ್ ಫೊಮ್ ಓಂಕೆಲ್ ಔಸ್ ಡೆಮ್ ಗಾರ್ಟನ್ ಗೆಬ್ರಾಖ್ಟನ್ ಬನಾನನ್ ಜಿಂಟ್ ನೋಖ್ ನಿಖ್ಟ್ ರೈಫ್."

ಓಮಾ ಗೋಡೆ ಹಿಡಿದುಕೊಂಡು ನಕ್ಕರು. "ನಿನ್ನ ಅಜ್ಜಿ ತೆರಿಗೆ ಆಫೀಸಿನಲ್ಲಿ ಕೆಲಸ ಮಾಡ್ತಿದ್ದರಾ?"

ಮಗಳಿಗೆ ತಮಾಷೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಪೊರಕೆ ಕೈಯಲ್ಲೇ ನಿಂತಿತು.

ಯಾಕೆ ಅಂದರೆ, ಆ ವಾಕ್ಯ ನನಗೆ ಚೆನ್ನಾಗಿ ಗೊತ್ತು. ಬಾಳೆಹಣ್ಣಿನದ್ದಲ್ಲ, ಅದರ ಅಚ್ಚು. ಮಾತಾಡುವಾಗ ಜರ್ಮನರು ಹೀಗೆ ಹೇಳುವುದೇ ಇಲ್ಲ. ಮೊದಲು "ಬಾಳೆಹಣ್ಣುಗಳು" ಅಂತ ಹೇಳಿ, ಒಂದು ಅಲ್ಪವಿರಾಮ ಹಾಕಿ, ಆಮೇಲೆ "ಡೀ" (ಯಾವುವು ಅಂದರೆ) ಅಂತ ಶುರು ಮಾಡಿ, ಯಾರು ತಂದರು, ಯಾವಾಗ ತಂದರು, ಎಲ್ಲಿಂದ ತಂದರು ಅನ್ನುವುದನ್ನು ಬಾಲದ ಹಾಗೆ ಕಟ್ಟುತ್ತಾರೆ. ಆ ಬಾಲವನ್ನು ಕತ್ತರಿಸಿ, ಪೂರ್ತಿ ಎತ್ತಿ, ಹಣ್ಣಿನ ಮುಂದಿನ "ಡೀ" (ಇಂಗ್ಲಿಷಿನ "ದ" ಇದ್ದ ಹಾಗೆ) ಮತ್ತು "ಬನಾನನ್" ನಡುವೆ ತುರುಕಿದರೆ ಅದು ಕಾನೂನಿನ ಭಾಷೆ, ಸಂಶೋಧನಾ ಲೇಖನದ ಭಾಷೆ, ತೆರಿಗೆ ಪತ್ರದ ಭಾಷೆ. ಹಾಗೆ ತುರುಕುವುದನ್ನು ಕಲಿಯಲು ನಾನು ಒಂದೂವರೆ ವರ್ಷ ಸುರಿದಿದ್ದೇನೆ.

ಇಲ್ಲಿ ಎಂ.ಎ. ಓದಬೇಕು ಅಂತ ನನಗೊಂದು ಹಠ. ಅದಕ್ಕೆ ಡಿಎಸ್‌ಎಚ್ ಅನ್ನುವ ಭಾಷಾ ಪರೀಕ್ಷೆ ಪಾಸಾಗಬೇಕು. ವಿಶ್ವವಿದ್ಯಾಲಯಗಳೇ ನಡೆಸುವ ಪರೀಕ್ಷೆ. ಶೇಕಡಾ 57 ಬಂದರೆ ಡಿಎಸ್‌ಎಚ್-1, 67 ಬಂದರೆ 2, 82 ಬಂದರೆ 3. ಹೆಚ್ಚಿನ ಕೋರ್ಸುಗಳಿಗೆ 2 ಬೇಕು. ಕೇಳಿ ಬರೆಯುವುದು, ಓದಿ ಉತ್ತರಿಸುವುದು, ಪ್ರಬಂಧ, ಇವೆಲ್ಲ ಹೇಗೋ ಆಗುತ್ತದೆ. ಇವುಗಳ ನಡುವೆ ವ್ಯಾಕರಣದ ಒಂದು ಭಾಗ ಇದೆ, ಹೆಸರು "ವಿಜ್ಞಾನದ ಭಾಷೆಯ ರಚನೆಗಳು". ಲಿಖಿತದ ಅಂಕದಲ್ಲಿ ಅದರ ಪಾಲು ಏಳರಲ್ಲಿ ಒಂದು ಮಾತ್ರ. ಆದರೂ ಎಲ್ಲರೂ ರಾತ್ರಿ ಕನಸಲ್ಲಿ ಕಾಣುವುದು ಅದನ್ನೇ. ಒಂದು ವಾಕ್ಯ ಕೊಡುತ್ತಾರೆ, ಅರ್ಥ ಕೆಡದಂತೆ ಬೇರೆ ಅಚ್ಚಿಗೆ ಹೊಯ್ಯಬೇಕು. ಬಾಲವನ್ನು ತಲೆಗೆ ತರುವುದು, ತಲೆಯನ್ನು ಬಾಲಕ್ಕೆ ಕಳಿಸುವುದು. ಕ್ರಿಯಾಪದವನ್ನು ನಾಮಪದ ಮಾಡುವುದು. ಅವನು ಹೇಳಿದ್ದನ್ನು ಇವನು ವರದಿ ಮಾಡುವುದು.

ಮೊದಲ ಸಲ ನನಗೆ ಬಂದದ್ದು 61. ಫ್ರಿಜ್ ಮೇಲೆ, ಬಚ್ಚಲ ಕನ್ನಡಿ ಮೇಲೆ ಎಲ್ಲ ಚೀಟಿ ಅಂಟಿಸಿ ಬಾಯಿಪಾಠ ಹೊಡೆದೆ. ಎರಡನೇ ಸಲ 74. ಪಾಸು. ನಮ್ಮನೆಯವರು ಕೇಕ್ ತಂದರು.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ನಾಚಿಕೆಯ ವಿಷಯ.

ಕೋರ್ಸಿನಲ್ಲಿ ಈ ಪಾಠ ಶುರುವಾದ ದಿನ ಮೇಷ್ಟ್ರು ಎಲ್ಲರನ್ನೂ ಕೇಳಿದ್ದರು: "ನಿನ್ನೆ ಬಂದ ಗಂಡಸು ಅನ್ನುವುದನ್ನು ನಿಮ್ಮ ತಾಯ್ನುಡಿಯಲ್ಲಿ ಹೇಗೆ ಹೇಳ್ತೀರಿ?" ಪಕ್ಕದಲ್ಲಿ ಕೂತಿದ್ದ ಟರ್ಕಿಯ ಹುಡುಗಿ ತಕ್ಷಣ "ದ್ಯೂನ್ ಗೆಲೆನ್ ಆದಾಮ್" ಅಂದಳು. ನಿನ್ನೆ, ಬಂದ, ಗಂಡಸು. "ನಮ್ಮಲ್ಲಿ ಇದೇ ಮಾಮೂಲು" ಅಂತ ಸೇರಿಸಿದಳು. ಮೇಷ್ಟ್ರು ಖುಷಿಯಾಗಿ ಬೋರ್ಡ್ ಮೇಲೆ ಬರೆದರು. ನನ್ನ ಸರದಿ ಬಂತು. ನಾನು ಎದ್ದು, "ದ ಮ್ಯಾನ್ ಹೂ ಕೇಮ್ ಯೆಸ್ಟರ್ಡೇ" ಅಂದೆ.

"ನಿಮ್ಮ ತಾಯ್ನುಡಿ ಇಂಗ್ಲಿಷಾ?"

ಅಲ್ಲ ಅಂದೆ. ಆದರೆ ಅಷ್ಟರಲ್ಲಿ ಅವರು ಮುಂದಿನವರ ಹತ್ತಿರ ಹೋಗಿದ್ದರು. ನನಗೂ ಏನೂ ಅನಿಸಲಿಲ್ಲ. ಪುಸ್ತಕದ ಮಾತು, ಪರೀಕ್ಷೆಯ ಮಾತು ಬಂದರೆ ನನ್ನ ತಲೆ ತಾನಾಗಿ ಇಂಗ್ಲಿಷಿಗೆ ತಿರುಗುತ್ತದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು! ಪಿಯುಸಿಯಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಿದ್ದಕ್ಕೆ ಕ್ಲಾಸೆಲ್ಲ ನಕ್ಕ ಮೇಲೆ, ಕನ್ನಡವನ್ನು ಅಡುಗೆಮನೆಗೆ ಮತ್ತು ಫೋನಿಗೆ ಅಂತ ಎತ್ತಿಟ್ಟುಬಿಟ್ಟಿದ್ದೆ. ಬೇಕು ಅಂತ ಮಾಡಿದ್ದಲ್ಲ. ಆದದ್ದು ಹಾಗೆ.

ಹೈಸ್ಕೂಲಿನಲ್ಲಿ ಕೃದಂತ ಕಲಿತಿದ್ದೆವು, ನೆನಪಿದೆಯಾ? ಮಾಡಿದ, ಮಾಡುವ, ಮಾಡದ. ಒಂದು ಅಂಕದ ಪ್ರಶ್ನೆ. "ಧಾತುಗಳಿಗೆ ಕೃತ್ ಪ್ರತ್ಯಯ ಸೇರಿ ಕೃದಂತಗಳಾಗುತ್ತವೆ" ಅಂತ ಬರೆದರೆ ಮುಗಿಯಿತು. ಓಡು ಓಟವಾಗುತ್ತದೆ, ನೋಡು ನೋಟವಾಗುತ್ತದೆ, ಅದು ಕೃದಂತ ಭಾವನಾಮ. ಡಿಎಸ್‌ಎಚ್‌ಗೆ ನಾನು ಕಷ್ಟಪಟ್ಟು ಕಲಿತ ನೊಮಿನಲಿಜೀರುಂಗ್ ಅಂದರೆ ಇದೇ. ಮಾಡಿದ, ಮಾಡುವ, ಮಾಡದ ಅನ್ನುವ ಮೂರು ಪದ ಇಟ್ಟುಕೊಂಡು ನಿಮ್ಮಮ್ಮ ಬೆಳಗಿಂದ ರಾತ್ರಿವರೆಗೆ ಏನೇನು ಕಟ್ಟುತ್ತಾರೆ ನೋಡಿ ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.

ಆ ಸಂಜೆ ಪೊರಕೆ ಇಟ್ಟು ಬಂದವಳೇ ಹಳೆಯ ಅಭ್ಯಾಸದ ಹಾಳೆಗಳನ್ನು ತೆಗೆದೆ. ಒಂದೊಂದೇ ವಾಕ್ಯವನ್ನು ಅಮ್ಮ ಹೇಳಿದರೆ ಹೇಗಿರುತ್ತದೆ ಅಂತ ಹೇಳಿಕೊಂಡೆ. "ಬೆಲೆಗಳು ಏರಿವೆ, ಆದ್ದರಿಂದ" ಅನ್ನುವುದನ್ನು "ಬೆಲೆಗಳ ಏರಿಕೆಯ ಕಾರಣದಿಂದ" ಅಂತ ಬದಲಾಯಿಸಬೇಕಿತ್ತು. ಅಮ್ಮ ಹೇಳುವುದು "ರೇಟು ಏರಿದ್ದರಿಂದ". ಏರಿದ್ದು ಅಂತ ಕ್ರಿಯಾಪದವನ್ನೇ ಹೆಸರು ಮಾಡಿ, ಅದಕ್ಕೆ ವಿಭಕ್ತಿ ಅಂಟಿಸಿ, ಎರಡು ಪದಕ್ಕೆ ಮುಗಿಸುತ್ತಾಳೆ.

ಇನ್ನೊಂದು ಇದೆ, ನನ್ನ ದುಡ್ಡು ತಿಂದದ್ದು. ಜರ್ಮನ್‌ನಲ್ಲಿ "ಇಸ್ಟ್ ಟ್ಸು" ಅಂತ ಬಂದರೆ ಕೆಲವು ಕಡೆ "ಮಾಡಬಹುದು", ಕೆಲವು ಕಡೆ "ಮಾಡಲೇಬೇಕು". ಸಂದರ್ಭ ನೋಡಿ ತಿಳಿಯಬೇಕು. ಬಂದ ಮೊದಲ ವರ್ಷ ಒಂದು ಕಚೇರಿಯ ಪತ್ರದಲ್ಲಿ ಅರ್ಜಿಯ ಬಗ್ಗೆ ಹೀಗೆ ಬರೆದಿತ್ತು. ಕೊಡಬಹುದು ಅಂತ ಓದಿಕೊಂಡು ಡ್ರಾಯರಿನಲ್ಲಿ ಹಾಕಿದೆ. ಎರಡನೇ ಪತ್ರ ದಂಡದ ಜೊತೆ ಬಂತು. ಅಮ್ಮನ ಭಾಷೆಯಲ್ಲಿ ಕೊಡಬಹುದಾದ ಅರ್ಜಿ ಬೇರೆ, ಕೊಡಬೇಕಾದ ಅರ್ಜಿ ಬೇರೆ. ಯಾವ ಡ್ರಾಯರಿಗೂ ಗೊಂದಲವಿಲ್ಲ.

ಹಾಗಂತ ಕನ್ನಡ ಗೊತ್ತಿದ್ದರೆ ಜರ್ಮನ್ ಬೆಣ್ಣೆ ಅಂತ ನಂಬಿ ಕ್ಲಾಸಿಗೆ ದುಡ್ಡು ಕಟ್ಟಬೇಡಿ. ನಮ್ಮ "ತಂದ" ಕಲ್ಲಿನ ಹಾಗೆ. ತಂದ ಹಣ್ಣು, ತಂದ ಹಣ್ಣುಗಳು, ತಂದ ಹಣ್ಣಿಗೆ, ಏನೇ ಬರಲಿ ಅದು ಅಲ್ಲಾಡುವುದಿಲ್ಲ. ಅವರ "ಗೆಬ್ರಾಖ್ಟ್" ಲಿಂಗ, ವಚನ, ವಿಭಕ್ತಿ ನೋಡಿ ಬಾಲ ಬದಲಿಸುತ್ತದೆ. ನನ್ನ ಅಂಕ ಹೋದದ್ದು ಹೆಚ್ಚಾಗಿ ಆ ಬಾಲದಲ್ಲೇ.

ಆದರೆ ಭಾನುವಾರ ಓಮಾ ಜೊತೆ ಕಾಫಿ ಕುಡಿಯುವಾಗ ನನಗೆ ಹುಮ್ಮಸ್ಸು ತಡೆಯಲಾಗಲಿಲ್ಲ. "ಬಾಳೆಗೊನೆ ತಂದ ಮಾವ" ಅನ್ನುವುದನ್ನು ಇದೇ ಅಚ್ಚಿನಲ್ಲಿ ಹೇಳಿ ನೋಡೋಣ ಅಂದೆ. ಓಮಾ ಯೋಚಿಸಿದರು. ತರುತ್ತಿರುವ ಮಾವ ಅಂತ ಹೇಳಬಹುದು, ತಂದು ಮುಗಿಸಿದ ಮಾವನನ್ನು ಹೀಗೆ ಹೇಳಲಾಗುವುದಿಲ್ಲ, ಅಲ್ಪವಿರಾಮ ಹಾಕಲೇಬೇಕು ಅಂದರು. ಸರಿ, "ಮಾವ ಬಾಳೆಗೊನೆ ತಂದ ಗೋಣಿಚೀಲ"? ಅವರು ಕಪ್ ಕೆಳಗಿಟ್ಟರು. "ಚೀಲದ 'ಒಳಗೆ' ಅನ್ನುವ ಪದ ಎಲ್ಲಿ ಹೋಯಿತು?" ಇಲ್ಲ, ಬೇಕಾಗಿಲ್ಲ ಅಂದೆ. "ಹಾಗಾದರೆ ಕೇಳಿದವರಿಗೆ ಹೇಗೆ ತಿಳಿಯುತ್ತದೆ?" ತಿಳಿಯುತ್ತದೆ ಅಂದೆ. ಮಾವ ಹಣ್ಣು ತಂದ ಚೀಲ, ಮಾವ ಹಣ್ಣು ತಂದ ದಿನ, ಮಾವ ಹಣ್ಣು ತಂದ ದಾರಿ. ಒಂದೇ "ತಂದ". ಓಮಾ "ಫೆರ್ರ್ಯುಕ್ಟ್" ಅಂದರು, ಅಂದರೆ ಹುಚ್ಚು. ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಈ ಊರಿನಲ್ಲೇ ಕಿಟೆಲ್ ತೀರಿಕೊಂಡದ್ದು ಅನ್ನುವುದನ್ನು ಅವತ್ತು ಅವರಿಗೆ ಹೇಳಿದೆ. ಗ್ರಂಥಾಲಯದವರಾದರೂ ಅವರಿಗೆ ಆ ಹೆಸರು ಗೊತ್ತಿರಲಿಲ್ಲ. 1894ರ ನಿಘಂಟು, 1896ರಲ್ಲಿ ಇದೇ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 1903ರಲ್ಲಿ ಕನ್ನಡ ವ್ಯಾಕರಣ, ಅದೇ ವರ್ಷ ಸಾವು. ಸಮುದ್ರದ ಪಕ್ಕದ ಓಸ್ಟ್‌ಫ್ರೀಸ್‌ಲ್ಯಾಂಡ್‌ನಲ್ಲಿ ಹುಟ್ಟಿದ ಹುಡುಗ 1853ರಲ್ಲಿ ನಮ್ಮ ಕಡೆಗೆ ಬಂದು, ಯಾರದೋ ಮನೆಯ ಜಗಲಿಯಲ್ಲಿ ಇಂಥದ್ದೇ ವಾಕ್ಯ ಕೇಳಿರಬೇಕು. ಅಯ್ಯೋ, ಇವರೆಲ್ಲ ಕಾನೂನು ಪುಸ್ತಕದ ಹಾಗೆ ಮಾತಾಡ್ತಾರಲ್ಲ ಅಂತ ಅವನಿಗೂ ಅನಿಸಿತ್ತೋ ಏನೋ. ಇದು ನನ್ನ ಊಹೆ. ನೆಕ್ಕರ್ ದಂಡೆಯಲ್ಲಿ ನಡೆಯುವಾಗ ಇಂಥ ಊಹೆಗಳು ಬರುತ್ತವೆ.

ತೆರಿಗೆ ಆಫೀಸಿನ ಮಾತನ್ನು ಅಮ್ಮನಿಗೆ ಹೇಳಿದಾಗ ಅವಳು ನಗಲಿಲ್ಲ.

"ಆಫೀಸಿನ ಭಾಷೆ ನಂದಾ? ಎಂಥ ಮಾತು ಮಾರಾಯ್ತಿ. ಮೊನ್ನೆ ಆಫೀಸಿಂದ ಒಂದು ಕಾಗದ ಬಂದಿದೆ, ಸದರಿ, ಮೇಲ್ಕಾಣಿಸಿದ, ಉಲ್ಲೇಖಿತ ಅಂತೆಲ್ಲ ಉಂಟು. ಓದಿಸೋಕೆ ನಿನ್ನ ಮಾವನ್ನ ಕರೆಸಬೇಕಾಯ್ತು. ಅವನಿಗೂ ಗೊತ್ತಾಗ್ಲಿಲ್ಲ."

ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಅವಳ ವಾಕ್ಯದ ಕಟ್ಟು ಇಲ್ಲಿನ ಆಫೀಸಿನಲ್ಲಿ ಸಲ್ಲುತ್ತದೆ, ಅಲ್ಲಿನ ಆಫೀಸಿನ ಕನ್ನಡ ಮಾತ್ರ ಅವಳ ಹತ್ತಿರ ಸುಳಿಯುವುದಿಲ್ಲ.

ಇಷ್ಟೆಲ್ಲ ಹೆಮ್ಮೆಯಲ್ಲಿ ತೇಲುತ್ತಿದ್ದಾಗ ಮಂಗಳವಾರ ಮಗಳು ಅಡುಗೆಮನೆಯಿಂದ ಕೂಗಿದಳು: "ಅಮ್ಮಾ, ಆ ಡಬ್ಬಿ ಎಲ್ಲಿದೆ, ಯಾವುದರಲ್ಲಿ ಅಜ್ಜಿ ಚಕ್ಕುಲಿ ಕಳಿಸಿದ್ರು?"

ಪದ ಎಲ್ಲ ಕನ್ನಡದ್ದೇ. ಉಚ್ಚಾರಣೆಯೂ ಪರವಾಗಿಲ್ಲ. ಆದರೆ ಡಬ್ಬಿ ಮೊದಲು, ಬಾಲ ಆಮೇಲೆ. ನನಗೆ ಕೇಳಿಸಿದ್ದು ಅಲ್ಪವಿರಾಮ. ಅವಳು ಎಷ್ಟು ದಿನದಿಂದ ಹೀಗೆ ಮಾತಾಡುತ್ತಿದ್ದಾಳೆ? ಕಲಿಯುವ ಗಡಿಬಿಡಿಯಲ್ಲಿ ನಾನು ಗಮನಿಸಿಯೇ ಇರಲಿಲ್ಲ.

"ಅಜ್ಜಿ ಚಕ್ಕುಲಿ ಕಳಿಸಿದ ಡಬ್ಬಿ ಅನ್ನಬೇಕು ಪುಟ್ಟಿ."

"ಅದೇ ಅಲ್ವಾ ನಾನು ಹೇಳಿದ್ದು?"

ಹೌದು, ಅದೇ. ಡಬ್ಬಿ ತೆಗೆದುಕೊಟ್ಟೆ. ಎಂಟು ವರ್ಷದ ಮಗುವಿಗೆ ವಾಕ್ಯ ತಿದ್ದುತ್ತಾ ಕೂತರೆ, ನಾಳೆ ಅವಳೂ ಕನ್ನಡವನ್ನು ಎಲ್ಲೋ ಎತ್ತಿಡುತ್ತಾಳೆ. ಅದು ನನಗೆ ಗೊತ್ತಿರುವ ಹಾದಿ.

ಫ್ರಿಜ್ ಮೇಲಿನ ಒಂದು ಚೀಟಿ ಇನ್ನೂ ಇದೆ. ಕೊನ್‌ಯುಂಕ್ಟಿವ್ ಒಂದು, ಜೈ, ಜೈಎನ್, ಹಾಬೆ. ಬೇರೆಯವರ ಮಾತನ್ನು ವರದಿ ಮಾಡುವಾಗ ಬಳಸುವ ರೂಪ, ಪತ್ರಿಕೆಗಳಲ್ಲಿ ಜಾಸ್ತಿ. ಮಂತ್ರಿ ತನಗೇನೂ ಗೊತ್ತಿರಲಿಲ್ಲ ಎಂದರು ಅಂತ ಬರೆಯುವಾಗ, ಇದು ನಿಜ ಅಂತ ನಾನು ಹೇಳುತ್ತಿಲ್ಲ, ಅವರು ಹೇಳಿದ್ದು ಅಷ್ಟೇ ಅನ್ನುವ ದೂರವನ್ನು ಕ್ರಿಯಾಪದದಲ್ಲೇ ತೋರಿಸುವುದು. ಬಹುವಚನದಲ್ಲಿ ಹಲವು ಸಲ ಮಾಮೂಲು ರೂಪಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ, ಆಗ ಕೊನ್‌ಯುಂಕ್ಟಿವ್ ಎರಡಕ್ಕೆ ಹಾರಬೇಕು. ಪರೀಕ್ಷೆಯಲ್ಲಿ ನಾನು ಹಾರಿದ್ದೆ, ತಪ್ಪು ಕಡೆಗೆ.

ನಿನ್ನೆ ಓಮಾ ಮೆಟ್ಟಿಲ ಮೇಲೆ ಮಗಳನ್ನು ತಡೆದು ಕೇಳಿದರು: "ತೆರಿಗೆ ಆಫೀಸಿನಿಂದ ಏನು ಸುದ್ದಿ? ಬಾಳೆಹಣ್ಣು?"

ಮಗಳು ಅವಸರದಲ್ಲಿದ್ದಳು, ಸ್ಕೂಲ್ ಬ್ಯಾಗು ಬೆನ್ನಿಗಿತ್ತು. ಕನ್ನಡದಲ್ಲೇ ಬಾಯಿಗೆ ಬಂತು. "ಹಣ್ಣಾಯ್ತಂತೆ."

"ಆಂಟೆ?" ಓಮಾ ಹಿಡಿದುಕೊಂಡರು. "ಅದು ಏನು ಆಂಟೆ?"

ಮಗಳು ಒಂದು ಕ್ಷಣ ನಿಂತಳು. "ಅಂದರೆ, ನಾನು ನೋಡಿಲ್ಲ. ಅಜ್ಜಿ ಹೇಳಿದ್ದು" ಅಂತ ಜರ್ಮನ್‌ನಲ್ಲಿ ಹೇಳಿ, ಎರಡೆರಡು ಮೆಟ್ಟಿಲು ಹಾರುತ್ತಾ ಬಸ್ಸಿಗೆ ಓಡಿದಳು.