ಕಾಸ್ಟಿಕ್ ಸೋಡಾ, ಕಫ ಮತ್ತು 15 ನಿಮಿಷ

ಹಬ್ಬದ ಸಾಲು ರಜೆ ಮುಗಿದ ಮೊದಲ ದಿನ ನಮ್ಮ ಟಿಬಿ ಲ್ಯಾಬಿನಲ್ಲಿ ಕೆಲಸ ಜಾಸ್ತಿ. ಅವತ್ತೂ ಹಾಗೇ ಆಯ್ತು. ಊರುಗಳಿಂದ ಕಫದ ಡಬ್ಬಿಗಳು ಬಂದ ಥರ್ಮಕೋಲ್ ಪೆಟ್ಟಿಗೆ ತೆಗೆದರೆ ಐಸ್‌ಪ್ಯಾಕ್ ಪೂರ್ತಿ ಕರಗಿತ್ತು. ಟಿಬಿ ಕ್ರಿಮಿ ಒಂದು ಎರಡಾಗಲು 15ರಿಂದ 20 ತಾಸು ಬೇಕು. ಬಾಯಿಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳಿಗೆ ಅಷ್ಟೆಲ್ಲ ತಾಳ್ಮೆ ಇಲ್ಲ. ತಂಪು ಹೋದರೆ ಸಾಕು, ಡಬ್ಬಿಯೊಳಗೇ ಸಂತೆ ನೆರೆದಿರುತ್ತದೆ. ಅವನ್ನು ಕೊಲ್ಲದೆ ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ ಹಾಕಿದರೆ ಅವೇ ಬೆಳೆಯುತ್ತವೆ, ಟಿಬಿ ಕಾಣುವುದೇ ಇಲ್ಲ.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಜೊತೆಗಿದ್ದಳು. ಗೌನು, ಎರಡು ಜೊತೆ ಗ್ಲೌಸು, ಎನ್-95 ಹಾಕಿಕೊಂಡು ಒಳಗೆ ಹೋದೆವು. ಒಳಗೆ ಮಾತು ಕಡಿಮೆ. ಆವತ್ತಿಗೆ ಬೇಕಾದಷ್ಟು ದ್ರಾವಣ ಆಗಲೇ ಕಲೆಸಿಟ್ಟಿದ್ದೆ. ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಕಾಸ್ಟಿಕ್ ಸೋಡಾ, ಸಿಟ್ರೇಟ್, ಜೊತೆಗೆ ಕಫ ಕರಗಿಸುವ, ಕೊಳೆತ ಮೊಟ್ಟೆ ವಾಸನೆಯ ಎನ್‌ಎಎಲ್‌ಸಿ ಪುಡಿ. ಕಫ ಕಟ್ಟಿದಾಗ ಡಾಕ್ಟರು ಬರೆದುಕೊಡುವ, ನೀರಿಗೆ ಹಾಕಿದರೆ ಬುಸ್ ಅನ್ನುವ ಮಾತ್ರೆಯಲ್ಲಿರುವುದೂ ಇದೇ. ಪುಡಿ ಸೇರಿಸಿದ ಮೇಲೆ ಅದರ ಶಕ್ತಿ ಒಂದು ದಿನ ಅಷ್ಟೇ. ನಿನ್ನೆಯದು ಇವತ್ತಿಗೆ ಬರಲ್ಲ.

ಕ್ರಿಮಿ ಹೊರಗಿನ ಗಾಳಿಗೆ ಬಾರದಂತೆ ತಡೆಯುವ ಕ್ಯಾಬಿನೆಟ್ಟಿನೊಳಗೆ ಒಂದು ಸಲಕ್ಕೆ ಒಂದೇ ಟ್ಯೂಬಿನ ಮುಚ್ಚಳ ತೆಗೆಯಬೇಕು. ಕಫ ಎಷ್ಟಿದೆಯೋ ಅಷ್ಟೇ ದ್ರಾವಣ ಹಾಕಿ, ಮುಚ್ಚಿ, ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕಲಕಿ, ಟೈಮರ್ ಒತ್ತಬೇಕು. ಒಂದು ಸ್ಯಾಂಪಲ್ ಮಾತ್ರ ಟ್ಯೂಬ್ ಓರೆ ಮಾಡಿದರೂ ಜಗ್ಗಲಿಲ್ಲ, ಗೋಂದಿನ ಹಾಗೆ ತಳ ಹಿಡಿದಿತ್ತು.

"ಮೇಡಂ, ಇದಕ್ಕೆ ಸೋಡಾ ಸ್ವಲ್ಪ ಜಾಸ್ತಿ ಹಾಕ್ಲಾ? ಇಲ್ಲಾಂದ್ರೆ ಇನ್ನೊಂದು ಹತ್ತು ನಿಮಿಷ ಬಿಡೋಣ್ವಾ?"

ಎಲ್ಲರೂ ಕೇಳುವ ಪ್ರಶ್ನೆ. ಉತ್ತರ, ಎರಡೂ ಬೇಡ. ಸೋಡಾಕ್ಕೆ ಟಿಬಿ ಕ್ರಿಮಿ ಯಾವುದು, ಬೇರೆ ಯಾವುದು ಅನ್ನುವ ಭೇದ ಇಲ್ಲ. ಟಿಬಿ ಕ್ರಿಮಿಗೆ ಮೇಣದಂಥ ದಪ್ಪ ಹೊದಿಕೆ ಇರುವುದರಿಂದ ಅದು ನಿಧಾನ ಸಾಯುತ್ತದೆ, ಅಷ್ಟೇ. ಆ ನಿಧಾನದ ಮೇಲೇ ನಮ್ಮ ಕೆಲಸ ನಿಂತಿದೆ. ಒಂದು ಚಿಟಿಕೆ ಎನ್‌ಎಎಲ್‌ಸಿ ಪುಡಿ ಮಾತ್ರ ಹಾಕಿಸಿದೆ. ನೋಡನೋಡುತ್ತಾ ಕಫ ನೀರಾಯಿತು.

15 ನಿಮಿಷಕ್ಕೆ ಟೈಮರ್ ಕೂಗಿತು. ಫಾಸ್ಫೇಟ್ ಬಫರನ್ನು 50 ಎಂಎಲ್ ಗೆರೆಯವರೆಗೂ ತುಂಬಿ ಸೋಡಾದ ಜೋರು ತಗ್ಗಿಸಿದೆವು. ಆಮೇಲೆ ಸೆಂಟ್ರಿಫ್ಯೂಜ್, ಅಂದರೆ ಟ್ಯೂಬನ್ನು ಗಿರ್ರನೆ ತಿರುಗಿಸಿ ಗಸಿಯನ್ನು ತಳಕ್ಕೆ ಇಳಿಸುವ ಯಂತ್ರ. ಅದು ನಿಂತ ತಕ್ಷಣ ಮುಚ್ಚಳ ತೆಗೆಯುವ ಹಾಗಿಲ್ಲ, ಒಳಗೆ ಟ್ಯೂಬ್ ಸೋರಿದ್ದರೆ ಕ್ರಿಮಿ ಗಾಳಿಗೆ ಬರುತ್ತದೆ. ಕಾದೆವು. ಮೇಲಿನ ನೀರು ಚೆಲ್ಲಿದರೆ ತಳದಲ್ಲಿ ಉಳಿಯುವ ಚಿಟಿಕೆಯಷ್ಟು ಗಸಿಯೇ ನಮಗೆ ಬೇಕಾದದ್ದು. ಅದನ್ನು ಬಫರಿನಲ್ಲಿ ಕದಡಿ, ಅರ್ಧ ಎಂಎಲ್ ಎಂಜಿಐಟಿ ಟ್ಯೂಬಿಗೆ, ಎರಡು ಹನಿ ಹಸಿರು ಎಲ್‌ಜೆ ಮೀಡಿಯಾಕ್ಕೆ. ಎರಡೂ ಟಿಬಿ ಕ್ರಿಮಿ ಬೆಳೆಸುವ ಆಹಾರ, ಮೊದಲನೆಯದು ದ್ರವ, ಎರಡನೆಯದು ಗಟ್ಟಿ. ಕ್ರಿಮಿ ಬೆಳೆಯಲು ಎಂಜಿಐಟಿಗೆ 42 ದಿನ, ಎಲ್‌ಜೆಗೆ 8 ವಾರ ಗಡುವು.

ಕೊನೆಯ ಟ್ಯೂಬಿನಲ್ಲಿ ಕಫ ಇರಲ್ಲ, ಬರೀ ಸ್ಟೆರೈಲ್ ನೀರು. ಅದಕ್ಕೂ ಇದೇ ಉಪಚಾರ. ಅದರಲ್ಲಿ ಏನಾದರೂ ಬೆಳೆದರೆ ಇಡೀ ಬ್ಯಾಚನ್ನೇ ಅನುಮಾನದಿಂದ ನೋಡಬೇಕು.

"ಒಂದೂ ಕೆಡದಿದ್ರೆ ಚೆನ್ನಾಗಿ ಮಾಡಿದೀವಿ ಅಂತ ಅಲ್ವಾ?" ಅಂದಳು ಹೊರಗೆ ಬಂದ ಮೇಲೆ. ಅಲ್ಲ. ಎಲ್‌ಜೆಯಲ್ಲಿ ನೂರಕ್ಕೆ 3ರಿಂದ 5 ಬೇರೆ ಬ್ಯಾಕ್ಟೀರಿಯಾ ಬೆಳೆದು ಕೆಡುವುದು ಲೆಕ್ಕದೊಳಗೇ ಇದೆ. ತಿಂಗಳುಗಟ್ಟಲೆ ಒಂದೂ ಕೆಡದ ಲ್ಯಾಬನ್ನು ನಾನಂತೂ ಹೊಗಳುವುದಿಲ್ಲ. ಅಲ್ಲಿ ಸೋಡಾ ಅತಿಯಾಗಿ, ಟಿಬಿ ಕ್ರಿಮಿಯೂ ಸತ್ತಿರಬಹುದು. ರೋಗ ಇದ್ದವರಿಗೂ ರಿಪೋರ್ಟ್ ನೆಗೆಟಿವ್ ಹೋಗುತ್ತದೆ.

ಅವತ್ತು ಬಂದವುಗಳಲ್ಲಿ ಒಂದು ಡಬ್ಬಿಯಲ್ಲಿ ಬರೀ ಎಂಜಲಿತ್ತು. ಅದಕ್ಕೆ ನಮ್ಮ ಯಾವ ಪುಡಿಯೂ ಏನೂ ಮಾಡಲಾರದು. ಆ ಊರಿನ ಆರೋಗ್ಯ ಕಾರ್ಯಕರ್ತರಿಗೆ ಫೋನ್ ಮಾಡಿದೆ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು ಕೆಮ್ಮಿ ತೆಗೆದ ಕಫ ಬೇಕು ಅಂದೆ.

"ಹೇಳಿದ್ದೆ ಮೇಡಂ. ಆಯಮ್ಮ ನನ್ನೆದುರಿಗೆ ಉಗುಳೋಕೆ ನಾಚ್ಕೋತಾರೆ."

ಹಾಗಾದರೆ ರಾತ್ರಿಯೇ ಡಬ್ಬಿ ಅವರ ಮನೆಗೆ ಕೊಟ್ಟು ಬನ್ನಿ, ಬೆಳಿಗ್ಗೆ ಹೋಗಿ ತನ್ನಿ ಅಂದೆ. ಹೂಂ ಅಂದರು.